ಹಳದಿ ಇಲಿ, ಕಂದು ಇಲಿ

ಒಂದೇ ತಾಯಿಯ ಒಂದೇ ಸೂಲಿನಲ್ಲಿ ಹುಟ್ಟಿದ ಎರಡು ಇಲಿಗಳು ಪ್ರಯೋಗಶಾಲೆಯ ಗೂಡಿನಲ್ಲಿವೆ ಎಂದುಕೊಳ್ಳಿ. ಒಂದರ ಮೈಬಣ್ಣ ಹಳದಿ. ಅದು ಕೊಬ್ಬಿ ದುಂಡಗಾಗಿದೆ. ಮಧುಮೇಹ, ಅರ್ಬುದಗಳಿಗೆ ತುತ್ತಾಗುವ ಸಂಭವವೂ ಅದಕ್ಕೆ ಹೆಚ್ಚು. ಇನ್ನೊಂದು ಕಂದುಬಣ್ಣದ, ತೆಳ್ಳನೆಯ ಇಲಿ. ಇವೆರಡರ ಜೀನುಗಳು ಬೇರೆಬೇರೆ ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಅನೇಕ ತಲೆಮಾರುಗಳಿಂದ ಹತ್ತಿರದ ಸಂಬಂಧದಲ್ಲಿಯೇ ಕೂಡಿಸಿ ಬೆಳೆಸಿದ ತಳಿಯವಾದ್ದರಿಂದ ಇವುಗಳ ಜೀನುಗಳು ಹೆಚ್ಚುಕಡಿಮೆ ಒಂದೇ. ಹಾಗಾದರೆ ಈ ಭೇದ ಬಂದುದೆಲ್ಲಿಂದ?

ದೇಹದ ಬಹುಮಟ್ಟಿನ ಜೀವಕೋಶಗಳಲ್ಲಿ ಎಲ್ಲ ಜೀನುಗಳೂ ಇರುತ್ತವೆ. ಆದರೆ ಅವೆಲ್ಲವೂ ಎಲ್ಲೆಡೆ, ಎಲ್ಲ ಕಾಲದಲ್ಲಿಯೂ ಕೆಲಸ ಮಾಡುವುದಿಲ್ಲ. ಇಲಿಯ ಬಣ್ಣಕ್ಕೆ ಸಂಬಂಧಿಸಿದ ಅಗೂಟಿ ಎಂಬ ಜೀನನ್ನೇ ನೋಡಿ. ಸಾಮಾನ್ಯ ಇಲಿಯಲ್ಲಿ ಅದು ಕೂದಲು ಬೆಳೆಯುವಾಗ ಕೆಲವೇ ದಿನ ಎಚ್ಚರವಾಗಿದ್ದು, ಕಪ್ಪು ಕೂದಲಿನ ನಡುವೆ ಹಳದಿಯ ಒಂದು ಪಟ್ಟಿಯನ್ನು ಮೂಡಿಸಿ ಸುಮ್ಮನಾಗುತ್ತದೆ. ದೂರದಿಂದ ನೋಡುವವರಿಗೆ ಮೈ ಕಂದಾಗಿ ಕಾಣುತ್ತದೆ.

ನಮ್ಮ ಹಳದಿ ಇಲಿಯ ತಳಿಯಲ್ಲಾದರೋ, ಎಂದೋ ಒಮ್ಮೆ ಡಿ.ಎನ್.ಎ.ಯ ಅಲೆಮಾರಿ ತುಣುಕೊಂದು ಬಂದು ಈ ಜೀನಿನ ಪಕ್ಕದಲ್ಲಿ ಸೇರಿಕೊಂಡಿದೆ. ಅದರ ಪ್ರಚೋದನೆಯಿಂದ ಜೀನು ಮೈಯಲ್ಲೆಲ್ಲ ಬಿಡುವಿಲ್ಲದೆ ದುಡಿಯುತ್ತದೆ. ಕೂದಲು ಪೂರ್ತಿ ಹಳದಿಯಾಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಜೀನು ತಯಾರಿಸಿದ ಪ್ರೋಟೀನು ಮಿದುಳಿನಲ್ಲಿ, ಹೊಟ್ಟೆ ತುಂಬಿತೆಂಬ ಸೂಚನೆಗೆ ಅಡ್ಡ ನಿಲ್ಲುತ್ತದೆ. ಪಾಪ, ಇಲಿ ತಿನ್ನುತ್ತಲೇ ಇರುತ್ತದೆ.

ಕಂದು ಸೋದರನಲ್ಲಿಯೂ ಅದೇ ತುಣುಕು ಉಂಟು. ಆದರೆ ಅದರ ಮೇಲೆ ಮಿಥೈಲ್ ಎಂಬ ಸಣ್ಣ ಗುಂಪುಗಳು—ಒಂದು ಇಂಗಾಲ, ಮೂರು ಜಲಜನಕದ ಪರಮಾಣುಗಳು—ಅಂಟಿಕೊಂಡು ಅದರ ಬಾಯಿ ಕಟ್ಟಿವೆ. ಅರೆಬರೆ ಅಂಟಿಕೊಂಡರೆ ಮೈಮೇಲೆ ಹಳದಿ, ಕಂದು ಮಚ್ಚೆಗಳು ಬೆರೆತಿರುತ್ತವೆ.

ಈ ಮಿಥೈಲನ್ನು ಆಹಾರದ ಮೂಲಕ ಹೆಚ್ಚಿಸಬಹುದೆ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ರಾಬರ್ಟ್ ವಾಟರ್‌ಲ್ಯಾಂಡ್ ಮತ್ತು ರ್‍ಯಾಂಡಿ ಜರ್ಟಲ್ ಎಂಬ ವಿಜ್ಞಾನಿಗಳು 2003ರಲ್ಲಿ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಹೆಣ್ಣಿಲಿಗಳಿಗೆ ಗಂಡಿನೊಡನೆ ಕೂಡಿಸುವ ಎರಡು ವಾರ ಮೊದಲಿನಿಂದ ಫೋಲಿಕ್ ಆಮ್ಲ, ಬಿ-12 ಜೀವಸತ್ವ, ಕೋಲೀನ್, ಬೀಟೇನ್‌ಗಳನ್ನು ಬೆರೆಸಿದ ಆಹಾರ ಕೊಡಲಾಯಿತು. ಬಸಿರಿನಲ್ಲಿಯೂ ಹಾಲೂಡಿಸುವಾಗಲೂ ಅದನ್ನೇ ಮುಂದುವರಿಸಲಾಯಿತು. ಸಾಮಾನ್ಯ ಆಹಾರ ತಿಂದ ತಾಯಂದಿರ ಮರಿಗಳಿಗಿಂತ ಇವುಗಳ ಮರಿಗಳಲ್ಲಿ ಕಂದುಬಣ್ಣ ಹೆಚ್ಚಾಗಿ ಕಂಡುಬಂದಿತು. ಎಲ್ಲವೂ ಕಂದಾಗಲಿಲ್ಲವೆಂಬುದನ್ನು ಮರೆಯಬಾರದು. ಜೀನಿನ ಬರಹದಲ್ಲಿ ಅಕ್ಷರ ಬದಲಾಗಿರಲಿಲ್ಲ. ಅದರ ಬಳಿಯ ತುಣುಕಿನ ಮೇಲೆ ಮಿಥೈಲಿನ ಗುರುತುಗಳು ಹೆಚ್ಚಿದ್ದವು.

ಮನುಷ್ಯರಲ್ಲಿಯೂ ಅಗೂಟಿಯನ್ನು ಹೋಲುವ ಜೀನುಂಟು. ಆದರೆ ಅದರ ಪಕ್ಕದಲ್ಲಿ ಆ ಅಲೆಮಾರಿ ತುಣುಕಿಲ್ಲ.