ಎರಡು ಸಂದು, ಒಂದು ವ್ಯವಕಲನ: ಏಳನೇ ತರಗತಿಯ ಪಾಠವೊಂದರ ಅವಲೋಕನ

ಬೋಧನಾಭ್ಯಾಸದ ಎರಡನೇ ವಾರ ಏಳನೇ ತರಗತಿಗೆ ದಶಮಾಂಶ ಸಂಖ್ಯೆಗಳ ವ್ಯವಕಲನವನ್ನು ಪುನರಾವರ್ತನೆಗೆ ತೆಗೆದುಕೊಂಡಿದ್ದೆ. ಮಕ್ಕಳಲ್ಲಿ ಹೆಚ್ಚಿನವರು ಟ್ರ್ಯಾಕ್ಟರ್ ಇರುವ ಮನೆಯವರು. ಆದ್ದರಿಂದ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸವನ್ನೇ ಉದಾಹರಣೆಯಾಗಿ ಆರಿಸಿಕೊಂಡೆ.

ಕಪ್ಪುಹಲಗೆಯ ಮೇಲೆ ಬರೆದ ಲೆಕ್ಕ ಇದು: ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವೆ 0.95 ಮಿ.ಮೀ. ಸಂದು ಇದೆ. ಬ್ಲಾಕಿನ ಮೇಲ್ಮೈಯನ್ನು 0.30 ಮಿ.ಮೀ. ತರಿದು ಸಮ ಮಾಡಿದರೆ ಎಷ್ಟು ಉಳಿಯುತ್ತದೆ? ಎಲ್ಲರೂ 0.65 ಎಂದು ಸರಿಯಾಗಿ ಮಾಡಿದರು. ನಾನು ಅಲ್ಲಿಗೇ ನಿಲ್ಲಿಸದೆ, "ಕಡಿಮೆಯಾದ ಸಂದನ್ನು ಟ್ಯಾಪೆಟ್ ಹೊಂದಿಸಿ ಸರಿಪಡಿಸುತ್ತಾರೆ" ಎಂದೆ.

ಮೆಕ್ಯಾನಿಕ್ ಒಬ್ಬರ ಮಗಳು ಎದ್ದು, "ಸರ್, ಟ್ಯಾಪೆಟ್ ತಿರುಗಿಸಿದ್ರೆ ಪಿಸ್ಟನ್ ಕೆಳಗೆ ಹೋಗಲ್ಲ" ಎಂದಳು. "ಅದು ಆಮೇಲೆ, ಮೊದಲು ಲೆಕ್ಕ ಬರ್ಕೋ" ಎಂದು ಕೂರಿಸಿದೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ "ವಿದ್ಯಾರ್ಥಿನಿಯ ಮಾತು ಪರಿಶೀಲಿಸಿ" ಎಂದಷ್ಟೇ ಬರೆದರು.

ಸಂಜೆ ಆಕೆಯ ತಂದೆಯ ಗ್ಯಾರೇಜಿಗೆ ಹೋದೆ. ಆಕೆ ಹೇಳಿದ್ದೇ ಸರಿ. ಟ್ಯಾಪೆಟ್ ಸಂದು ಇರುವುದು ರಾಕರ್ ತೋಳಿಗೂ ವಾಲ್ವಿನ ತುದಿಗೂ ನಡುವೆ. ಬಿಸಿಗೆ ವಾಲ್ವ್ ಹಿಗ್ಗಿದರೂ ಪೂರ್ತಿ ಮುಚ್ಚಿಕೊಳ್ಳಲಿ ಎಂದು ಅದನ್ನು ಬಿಟ್ಟಿರುತ್ತಾರೆ. ಫೀಲರ್ ಗೇಜ್ ಇಟ್ಟು ಸ್ಕ್ರೂ ತಿರುಗಿಸಿ ಹೊಂದಿಸುತ್ತಾರೆ. ಪಿಸ್ಟನ್ ಮೇಲಿನ ಸಂದು ಬೇರೆ. ಅದು ಸಾಲದಿದ್ದರೆ ಪಿಸ್ಟನ್ ಹೆಡ್ಡಿಗೋ ವಾಲ್ವಿಗೋ ಬಡಿಯುತ್ತದೆ. ಅದಕ್ಕೆ ದಪ್ಪ ಗ್ಯಾಸ್ಕೆಟ್ ಬೇಕು. ನನ್ನ ಲೆಕ್ಕದಲ್ಲಿ 1.20ರ ಬದಲು 1.50 ಮಿ.ಮೀ. ಎರಡಕ್ಕೂ ಕ್ಲಿಯರೆನ್ಸ್ ಎಂದೇ ಹೆಸರು. ನಾನು ಎಡವಿದ್ದು ಅಲ್ಲೇ. ಪಿಸ್ಟನ್ ಸಂದು ಅಳೆಯಲು ಅದರ ಮೇಲೆ ಬೆಸುಗೆ ತಂತಿಯ ತುಂಡಿಟ್ಟು, ಹೆಡ್ ಬಿಗಿದು, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಚಪ್ಪಟೆಯಾದ ತಂತಿಯ ದಪ್ಪ ನೋಡುತ್ತಾರೆ.

ಮರುದಿನದ ಪಾಠವನ್ನು ನನ್ನ ತಪ್ಪಿನಿಂದಲೇ ಆರಂಭಿಸಿದೆ. ಆ ಹುಡುಗಿ ಚಿತ್ರ ಬರೆದು ಎರಡೂ ಸಂದುಗಳನ್ನು ತೋರಿಸಿದಳು. ಗ್ಯಾರೇಜಿನಿಂದ ತಂದ ತಂತಿಯನ್ನು ಸ್ಕ್ರೂ ಗೇಜಿನಲ್ಲಿ ಹಿಡಿದೆ; 0.92 ಎಂದು ಮಕ್ಕಳೇ ಓದಿದರು. ಗ್ಯಾಸ್ಕೆಟ್ಟಿನ ನೆಪದಲ್ಲಿ ಸಂಕಲನವೂ ಬಂತು: 0.65 + 0.30. ಹಲಗೆಯ ಅಂಕಿಗಳು ಪಾಠಕ್ಕಾಗಿ ಆರಿಸಿದವು, ನಿಜವಾದ ಎಂಜಿನ್ನಿಗೆ ತಯಾರಕರ ಕೈಪಿಡಿಯ ಅಳತೆಯೇ ಆಧಾರ ಎಂದೂ ಹೇಳಿದೆ.

ಪಾಠಯೋಜನೆ ಬರೆಯುವಾಗ ಲೆಕ್ಕದ ಉತ್ತರವನ್ನು ಎರಡು ಸಲ ನೋಡಿದ್ದೆ, ಉದಾಹರಣೆಯನ್ನು ಒಮ್ಮೆಯೂ ಪರಿಶೀಲಿಸಿರಲಿಲ್ಲ. ಈಗ ಯೋಜನೆಯ ಕೊನೆಗೆ ಒಂದು ಪ್ರಶ್ನೆ ಸೇರಿಸಿಕೊಂಡಿದ್ದೇನೆ: ಈ ಕೆಲಸ ಬಲ್ಲವರನ್ನು ಕೇಳಿದ್ದೇನೆಯೇ?