ಮೊಲದ ಮರಿಗೆ ಹುಲ್ಲೇ ಊಟ, ಹುಲ್ಲೇ ಔಷಧ

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಪಾಠ)



ಎಮ್ಮೆ, ಆಡು, ಕೋಳಿ ಸಾಕುವ ವಿಷಯ ನಾವು ನಿಮಗೆ ಹೇಳಿಕೊಡಬೇಕಾಗಿಲ್ಲ, ನಾವೇ ನಿಮ್ಮಿಂದ ಕಲಿಯಬೇಕು. ಆದರೆ ಮೊಲದ ಮಾತು ಬೇರೆ. ಮಕ್ಕಳು ಹಟ ಹಿಡಿಯುತ್ತಾರೆಂದು ಸಂತೆಯಿಂದಲೋ ಪೇಟೆಯ ಅಂಗಡಿಯಿಂದಲೋ ಬಿಳಿ ಮರಿಯೊಂದು ಮನೆಗೆ ಬರುತ್ತದೆ. ಎಲ್ಲರಿಗೂ ಅದರ ಮೇಲೆ ಅಕ್ಕರೆ. ಒಬ್ಬರು ಬಿಸ್ಕೀಟು ಕೊಡುತ್ತಾರೆ, ಒಬ್ಬರು ರೊಟ್ಟಿ ಚೂರು ಹಾಕುತ್ತಾರೆ, ಅಜ್ಜಿ ಹಾಲನ್ನ ಕಲಿಸಿ ಇಡುತ್ತಾಳೆ. ನಾಲ್ಕು ದಿನ ಕುಣಿದಾಡಿದ ಮರಿ ಐದನೇ ದಿನ ಮೂಲೆ ಹಿಡಿಯುತ್ತದೆ, ಭೇದಿಯಾಗಿ ಸಾಯುತ್ತದೆ. ಮಗು ಅಳುತ್ತದೆ. "ದೃಷ್ಟಿ ಆತು, ಅದರ ಆಯುಷ್ಯ ಅಷ್ಟ ಇತ್ತು" ಎಂದು ನಾವು ಸುಮ್ಮನಾಗುತ್ತೇವೆ.

ಬಹಳ ಸಲ ಅದು ದೃಷ್ಟಿಯಲ್ಲ, ಊಟದ ತಪ್ಪು. ಮೊಲದ ಹೊಟ್ಟೆ ನಮ್ಮ ಹೊಟ್ಟೆಯಂತೆ ಅಲ್ಲ, ಆಡಿನ ಹೊಟ್ಟೆಯಂತೆಯೂ ಅಲ್ಲ. ಇದನ್ನು ತಿಳಿದುಕೊಂಡರೆ ಹೆಚ್ಚು ಖರ್ಚಿಲ್ಲದೆ ಮರಿಯನ್ನು ಉಳಿಸಬಹುದು.

ಮೊದಲು ತಿಳಿಯಿರಿ: ಯಾವ ಮೊಲ?

ಕಬ್ಬು ಕಡಿಯುವ ಹಂಗಾಮಿನಲ್ಲಿ ಗದ್ದೆಯೊಳಗೆ ಕಂದು ಬಣ್ಣದ ಮೊಲದ ಮರಿ ಸಿಗುವುದುಂಟು. ಅದು ಕಾಡುಮೊಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಕಾಡುಮೊಲದ ಮರಿ ಹುಟ್ಟುವಾಗಲೇ ಮೈಮೇಲೆ ಕೂದಲು ಇರುತ್ತದೆ, ಕಣ್ಣೂ ತೆರೆದಿರುತ್ತದೆ. ತಾಯಿ ಹಗಲಲ್ಲಿ ಮರಿಯ ಹತ್ತಿರ ಇರುವುದಿಲ್ಲ, ಕತ್ತಲಾದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತದೆ. ಆದ್ದರಿಂದ ಒಂಟಿಯಾಗಿ ಕೂತ ಮರಿ ತಬ್ಬಲಿಯಲ್ಲ. ಅದನ್ನು ಅಲ್ಲಿಯೇ ಬಿಡಿ. ಕಟಾವು ನಡೆದಿದ್ದರೆ ಹತ್ತಿರದ ಬದುವಿನ ಹುಲ್ಲಿನಲ್ಲಿ ಇಡಿ. ಈಗಾಗಲೇ ಮನೆಗೆ ತಂದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಸಾಕುಮೊಲದ ಮರಿ ಹುಟ್ಟುವಾಗ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಇರುತ್ತದೆ. ಸುಮಾರು 10 ದಿನಕ್ಕೆ ಕಣ್ಣು ಬಿಡುತ್ತದೆ. ಈ ಪಾಠ ಸಾಕುಮೊಲದ ಬಗ್ಗೆ.

ಮೊಲದ ಹೊಟ್ಟೆ ಹೇಗೆ ಕೆಲಸ ಮಾಡುತ್ತದೆ?

ಆಕಳು, ಆಡು ಮೇವು ತಿಂದು ಮೆಲುಕು ಹಾಕುತ್ತವೆ. ಮೊಲ ಮೆಲುಕು ಹಾಕುವುದಿಲ್ಲ. ಅದರ ಕರುಳಿನ ಹಿಂಭಾಗದಲ್ಲಿ ಒಂದು ದೊಡ್ಡ ಚೀಲವಿದೆ. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹುಲ್ಲನ್ನು ಹುಳಿಯಿಸಿ ಸತ್ವ ತೆಗೆಯುತ್ತವೆ. ಮೊಸರಿನ ಹೆಪ್ಪು ನೆನಪು ಮಾಡಿಕೊಳ್ಳಿ. ಹೆಪ್ಪು ಚಲೋ ಇದ್ದರೆ ಮೊಸರು ಗಟ್ಟಿ, ಕೆಟ್ಟರೆ ಹಾಲೆಲ್ಲ ಹಾಳು. ಮೊಲದ ಕರುಳಿನ ಹೆಪ್ಪು ಉಳಿಯುವುದು ನಾರಿನಿಂದ. ಸಕ್ಕರೆ, ಹಿಟ್ಟು, ಕಾಳು ಹೆಚ್ಚಾದರೆ ಆ ಹೆಪ್ಪು ಕೆಟ್ಟು ವಿಷ ಹುಟ್ಟುತ್ತದೆ.

ಇನ್ನೊಂದು ಮಾತು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಮುಂದಕ್ಕೇ ಸಾಗಬೇಕು. ಒರಟು ಹುಲ್ಲು ಕರುಳನ್ನು ನಡೆಸುತ್ತಾ ಇರುತ್ತದೆ. ಹುಲ್ಲು ನಿಂತರೆ ಕರುಳೂ ನಿಲ್ಲುತ್ತದೆ. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಅದು ಸವೆಯುವುದಕ್ಕೂ ಹುಲ್ಲು ಜಗಿಯಲೇಬೇಕು.

ಹಾಲು ಬಿಡಿಸುವ ಕಾಲ ಬಹಳ ನಾಜೂಕು

ತಾಯಿಮೊಲ ದಿನಕ್ಕೆ ಒಂದು ಸಲ, ಕೆಲವೊಮ್ಮೆ ಎರಡು ಸಲ, ನಾಲ್ಕೈದು ನಿಮಿಷ ಮಾತ್ರ ಹಾಲು ಕೊಡುತ್ತದೆ. ಮೂರನೇ ವಾರದ ಹೊತ್ತಿಗೆ ಮರಿ ಹುಲ್ಲು ಕಡಿಯಲು ಕಲಿಯುತ್ತದೆ. ತಾಯಿ ಹಾಲು ಇರುವತನಕ ಹೊಟ್ಟೆಗೆ ಕಾವಲು ಇರುತ್ತದೆ. ಹಾಲು ಬಿಟ್ಟ ಮೇಲೆ ಹೊಸ ಹೆಪ್ಪು ಗಟ್ಟಿಯಾಗುವವರೆಗೆ ಮರಿಯ ಹೊಟ್ಟೆ ಬಹಳ ಸೂಕ್ಷ್ಮ. ಒಂದರಿಂದ ಮೂರು ತಿಂಗಳ ಮರಿಗಳು ಭೇದಿಯಿಂದ ಹೆಚ್ಚು ಸಾಯುವುದು ಇದಕ್ಕೇ.

ಆದ್ದರಿಂದ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಮರಿಯನ್ನು ಚಂದ ಕಂಡಿತೆಂದು ಕೊಳ್ಳಬೇಡಿ. 8 ವಾರ ತುಂಬಿದ್ದನ್ನು ತನ್ನಿ. ಮಾರುವವರಿಗೆ "ಇದಕ್ಕ ಏನ ಹಾಕ್ತಿದ್ರಿ?" ಎಂದು ಕೇಳಿ, ಅದೇ ಆಹಾರ ಒಂದು ವಾರಕ್ಕಾಗುವಷ್ಟು ತನ್ನಿ. ಹೊಸ ಮೇವನ್ನು ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ, 7ರಿಂದ 10 ದಿನದಲ್ಲಿ ಬದಲಿಸಿ. ಹಾಲು ಬಿಟ್ಟ ಮರಿಗೆ ಆಕಳ ಹಾಲು, ಎಮ್ಮೆ ಹಾಲು ಬೇಡ.

ಏನು ಕೊಡಬೇಕು?

1. ಹುಲ್ಲು: ಹಗಲು ರಾತ್ರಿ ಮುಂದೆ ಇರಬೇಕು. ದಿನಕ್ಕೆ ಕನಿಷ್ಠ ಮರಿಯ ಮೈಯಷ್ಟು ದೊಡ್ಡ ಕಟ್ಟು. ಕರಕಿ, ಬದುವಿನ ಹುಲ್ಲು, ನೇಪಿಯರ್ ಹುಲ್ಲು ನಡೆಯುತ್ತದೆ. ಮಳೆಗಾಲ ಮುಗಿದಾಗ ಹುಲ್ಲು ಕೊಯ್ದು ಚೆನ್ನಾಗಿ ಒಣಗಿಸಿ ಇಟ್ಟರೆ ಬ್ಯಾಸಿಗೆಗೂ ಆಗುತ್ತದೆ.

2. ಕುದುರೆ ಮೆಂತೆ: ಬೆಳೆಯುವ ಮರಿಗೆ ಹುಲ್ಲಿನ ಜೊತೆ ಸ್ವಲ್ಪ ಕೊಡಬಹುದು. ಆರು ತಿಂಗಳ ನಂತರ ಕಡಿಮೆ ಮಾಡಿ. ಅದೊಂದನ್ನೇ ಹಾಕಬೇಡಿ.

3. ಸೊಪ್ಪು: ಕೊತ್ತಂಬರಿ, ಮೂಲಂಗಿ ಎಲೆ, ಗಜ್ಜರಿ ಎಲೆ. ಮೂರು ತಿಂಗಳ ಹತ್ತಿರ ಬಂದ ಮೇಲೆ ಒಂದೊಂದೇ ಬಗೆ, ಎರಡು ಮೂರು ಎಲೆಯಿಂದ ಶುರು ಮಾಡಿ. ಎರಡು ದಿನ ಹಿಕ್ಕಿ ಸರಿ ಇದ್ದರೆ ಮುಂದುವರಿಸಿ, ಮೆತ್ತಗಾದರೆ ನಿಲ್ಲಿಸಿ.

4. ನೀರು: ಸದಾ ಇರಬೇಕು. ಉರುಳದ ಮಣ್ಣಿನ ಬಟ್ಟಲಿನಲ್ಲಿ ಇಟ್ಟು ದಿನಕ್ಕೆ ಎರಡು ಸಲ ಬದಲಿಸಿ. "ಮೊಲಕ್ಕ ನೀರ ಬ್ಯಾಡ" ಎನ್ನುವ ಮಾತು ತಪ್ಪು.

ಹುಲ್ಲನ್ನು ನೆಲಕ್ಕೆ ಹಾಕದೆ ಗೂಡಿನ ಜಾಳಿಗೆಗೆ ಸಿಕ್ಕಿಸಿ. ಹಿಕ್ಕಿ, ಉಚ್ಚೆ ತಾಗಿದ ಮೇವಿನಿಂದ ಕಾಕ್ಸಿಡಿಯೋಸಿಸ್ ಎಂಬ ರೋಗ ಬರುತ್ತದೆ. ಎಳೆ ಮರಿಗಳಿಗೆ ಇದು ಜೀವಕ್ಕೆ ಅಪಾಯ. ಗೂಡನ್ನು ದಿನಾಲೂ ಗುಡಿಸಿ ಒಣಗಿಸಿ. ಮಕ್ಕಳು ಮೊಲ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಲಿ.

ಏನು ಕೊಡಬಾರದು?

- ಬಿಸ್ಕೀಟು, ಬ್ರೆಡ್ಡು, ಚಾಕಲೇಟು, ರೊಟ್ಟಿ, ಅನ್ನ, ಬೆಲ್ಲ.
- ಜೋಳ, ಗೋವಿನಜೋಳ, ಶೇಂಗಾ ಮುಂತಾದ ಕಾಳು.
- ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆ, ಟೊಮ್ಯಾಟೊ ಗಿಡದ ಎಲೆ.
- ಎಳೆ ಮರಿಗೆ ಕೋಬೀಜ. ಗ್ಯಾಸಾಗಿ ಹೊಟ್ಟೆ ಉಬ್ಬಬಹುದು.
- ಕೋಳಿ ಆಹಾರ. ಅದರಲ್ಲಿ ಕಾಳಿನ ಅಂಶ ಜಾಸ್ತಿ. ಕೆಲವು ಕೋಳಿ ಆಹಾರದಲ್ಲಿ ಬೆರೆಸಿದ ಔಷಧ ಮೊಲಕ್ಕೆ ವಿಷ.
- ಬೂಸ್ಟು ಬಂದ ಮೇವು, ರಾಶಿ ಹಾಕಿ ಬಿಸಿಯೇರಿದ ಹಸಿ ಹುಲ್ಲು.

ಗಜ್ಜರಿ ಚಿತ್ರದಲ್ಲಿ ಮೊಲದ ಊಟ, ಮನೆಯಲ್ಲಿ ಅದು ಪೇಡೆ ಇದ್ದಂತೆ. ದೊಡ್ಡ ಮೊಲಕ್ಕೆ ಅಪರೂಪಕ್ಕೆ ಬೆರಳ ತುದಿಯಷ್ಟು ಸಾಕು. ಎಳೆ ಮರಿಗೆ ಬೇಡವೇ ಬೇಡ.

ನಮ್ಮ ಭಾಗದಲ್ಲಿ ವಿಶೇಷ ಎಚ್ಚರಿಕೆ

ಕಬ್ಬು: ಕಬ್ಬಿನ ತುಂಡು ಸಕ್ಕರೆಯೇ, ಕೊಡಬೇಡಿ. ಕಬ್ಬಿನ ಗದ್ದೆಗೆ ಕಳೆನಾಶಕ ಹೊಡೆದಿದ್ದರೆ ಅದರ ಬದುವಿನ ಹುಲ್ಲೂ ಬೇಡ.

ದ್ರಾಕ್ಷಿ: ಅಥಣಿ, ಕಾಗವಾಡ ಕಡೆ ದ್ರಾಕ್ಷಿ ತೋಟಕ್ಕೆ ಮೇಲಿಂದ ಮೇಲೆ ಔಷಧ ಹೊಡೆಯುತ್ತಾರೆ. ಆ ತೋಟದ ಕಳೆ, ಎಲೆ ತರಬೇಡಿ.

ತಂಬಾಕು: ನಿಪ್ಪಾಣಿ ಕಡೆಯ ಅಕ್ಕತಂಗಿಯರು ಬೀಡಿ ಕಟ್ಟುವ, ತಂಬಾಕು ಇಡುವ ಕೋಣೆಯಲ್ಲಿ ಮೊಲದ ಗೂಡು ಇಡಬೇಡಿ. ಅದು ಸಿಕ್ಕಿದ್ದನ್ನೆಲ್ಲ ಕಡಿಯುವ ಪ್ರಾಣಿ, ತಂಬಾಕು ವಿಷ.

ಜೋಳ: ಎಳೆ ಜೋಳದ ಬೆಳೆ, ಕಟಾವಿನ ನಂತರ ಮತ್ತೆ ಚಿಗುರಿದ ಜೋಳ ತಿಂದು ದನ ಸಾಯುವುದನ್ನು ನೀವು ಕೇಳಿದ್ದೀರಿ. ಅದೇ ವಿಷ ಮೊಲಕ್ಕೂ ಅಪಾಯ.

ಬಿಸಿಲು: ಶಾಖ 30 ಡಿಗ್ರಿ ದಾಟಿದರೆ ಮೊಲಕ್ಕೆ ತ್ರಾಸು. ಬಿಸಿಗೆ ತಿನ್ನುವುದು ಬಿಡುತ್ತದೆ, ಕರುಳು ನಿಧಾನವಾಗುತ್ತದೆ. ತಗಡಿನ ಕೆಳಗೆ ಗೂಡು ಇಡಬೇಡಿ. ನೆರಳಿನಲ್ಲಿಟ್ಟು, ಪಕ್ಕಕ್ಕೆ ಒದ್ದೆ ಗೋಣಿಚೀಲ ಕಟ್ಟಿ ಗಾಳಿಯಾಡಲು ಬಿಡಿ. ತಂಪು ಹೊತ್ತಿನಲ್ಲಿ, ಅಂದರೆ ಬೆಳಗಿನ ಜಾವ ಮತ್ತು ಸಂಜೆ, ಹೊಸ ಮೇವು ಹಾಕಿ.

ಹಿಕ್ಕಿ ನೋಡಿ ಆರೋಗ್ಯ ತಿಳಿಯಿರಿ

ಗೂಡು ಗುಡಿಸುವಾಗ ಒಂದು ಗಳಿಗೆ ಹಿಕ್ಕಿ ನೋಡಿ. ದುಂಡಗೆ, ಒಣಗಿ, ಒಂದೇ ಅಳತೆಯಲ್ಲಿ, ಬಹಳಷ್ಟು ಬಿದ್ದಿದ್ದರೆ ಮರಿ ಚಲೋ ಇದೆ. ಸಣ್ಣಗಾದರೆ, ಕಡಿಮೆಯಾದರೆ, ಕೂದಲಿನಿಂದ ಸರದಂತೆ ಪೋಣಿಸಿಕೊಂಡಿದ್ದರೆ ಹುಲ್ಲು ಸಾಲುತ್ತಿಲ್ಲ ಎಂದು ತಿಳಿಯಿರಿ.

ಮೊಲಕ್ಕೆ ಎರಡು ಬಗೆಯ ಹಿಕ್ಕಿ ಇರುತ್ತದೆ. ಎರಡನೆಯದು ಮೆತ್ತಗೆ, ಹೊಳೆಯುತ್ತಾ, ಗೊಂಚಲಿನಂತೆ ಇರುತ್ತದೆ. ಇದನ್ನು ಮೊಲ ತಾನೇ ಬಾಯಿ ಹಾಕಿ ತಿನ್ನುತ್ತದೆ. "ಹೊಲಸು ತಿಂತು" ಎಂದು ಹೊಡೆಯಬೇಡಿ. ಅದರಲ್ಲಿ ಸತ್ವವಿದೆ, ಅದು ಮೊಲಕ್ಕೆ ಬೇಕೇ ಬೇಕು. ಈ ಗೊಂಚಲು ತಿನ್ನದೆ ಬಿದ್ದಿದ್ದರೆ ಆಹಾರ ಸತ್ವ ಹೆಚ್ಚಾಗಿದೆ ಎಂದರ್ಥ. ಹುಲ್ಲು ಹೆಚ್ಚಿಸಿ, ಉಳಿದದ್ದು ಕಡಿಮೆ ಮಾಡಿ.

ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಕ ಮಾಡಿ ಬರೆದಿಡಿ. ಬೆಳೆಯುವ ಮರಿಯ ತೂಕ ಇಳಿದರೆ ಅದೇ ಮೊದಲ ಎಚ್ಚರಿಕೆ.

ಕಾಯಿಲೆ ಬಂದರೆ

ಈ ಗುರುತು ಕಂಡರೆ ನಾಳೆಗೆ ಬಿಡಬೇಡಿ: ಅರ್ಧ ದಿನ ಏನೂ ತಿಂದಿಲ್ಲ. ಹಿಕ್ಕಿ ನಿಂತಿದೆ. ಗೂನು ಬೆನ್ನು ಮಾಡಿ ಮೂಲೆಯಲ್ಲಿ ಕೂತು ಹಲ್ಲು ಕಡಿಯುತ್ತದೆ. ಹೊಟ್ಟೆ ಬಿಗಿದು ಉಬ್ಬಿದೆ. ನೀರಿನಂಥ ಭೇದಿಯಾಗಿದೆ. ಎಳೆ ಮರಿ ಭೇದಿಗೆ ಒಂದೇ ದಿನದಲ್ಲಿ ಸಾಯಬಹುದು.

ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ ಪಶುಸಂಗೋಪನಾ ಇಲಾಖೆಯ 1962 ನಂಬರಿಗೆ ಫೋನ್ ಮಾಡಿ. ಏನು ತಿಂದಿತ್ತು, ಕೊನೆಯ ಹಿಕ್ಕಿ ಯಾವಾಗ ಬಿತ್ತು ಎಂದು ಸರಿಯಾಗಿ ಹೇಳಿ. ಅಲ್ಲಿಯತನಕ ಸೊಪ್ಪು, ಕಾಳು ತೆಗೆದು ಹುಲ್ಲು, ನೀರು ಮಾತ್ರ ಮುಂದೆ ಇಡಿ. ಮೈ ತಣ್ಣಗಿದ್ದರೆ ಬಟ್ಟೆ ಸುತ್ತಿ ಬೆಚ್ಚಗಿಡಿ. ಹೊಟ್ಟೆ ಉಬ್ಬಿದ್ದಾಗ ಬಾಯಿಗೆ ಏನನ್ನೂ ತುರುಕಬೇಡಿ. ಹಿಂಭಾಗ ಒದ್ದೆಯಾಗಿದ್ದರೆ ಒರೆಸಿ ಒಣಗಿಸಿ, ಇಲ್ಲವಾದರೆ ನೊಣ ಕೂತು ಹುಳ ಬೀಳುತ್ತದೆ.

ಮನೆಯಲ್ಲಿ ಉಳಿದ ಮನುಷ್ಯರ ಗುಳಿಗೆ ಕೊಡಲೇಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಔಷಧ ಬಾಯಿಯಿಂದ ಕೊಟ್ಟರೆ ಮೊಲದ ಕರುಳಿನ ಹೆಪ್ಪು ಸತ್ತು, ಮೊಲವೂ ಸಾಯುತ್ತದೆ.

ಕೊನೆಯ ಮಾತು

ಸಂಘದಿಂದ ಸಾಲ ಪಡೆದು ಮೊಲ ಸಾಕಬೇಕೆಂದು ಯೋಚಿಸುವವರು ಮೊದಲು ಒಂದೆರಡು ಮರಿಗಳನ್ನು ಆರು ತಿಂಗಳು ಆರೋಗ್ಯವಾಗಿ ಉಳಿಸಿ ನೋಡಿ. ಅದು ಬಂದ ಮೇಲೆ ಲಾಭದ ಲೆಕ್ಕ ಹಾಕೋಣ. ಮಕ್ಕಳಿಗಾಗಿ ತಂದವರು ಮಕ್ಕಳಿಗೇ ಹುಲ್ಲು ತರುವ, ನೀರು ಬದಲಿಸುವ ಕೆಲಸ ಹಚ್ಚಿ. ಬಾಯಿಲ್ಲದ ಜೀವಕ್ಕೆ ನಮಗೆ ಇಷ್ಟವಾದದ್ದನ್ನಲ್ಲ, ಅದಕ್ಕೆ ಬೇಕಾದದ್ದನ್ನು ಕೊಡುವುದೇ ಪ್ರೀತಿ ಎಂಬುದನ್ನು ಅವರು ಕಲಿಯಲಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಲ್ಲಿ ಔಷಧ ಹೊಡೆಯದ ಹುಲ್ಲು ಎಲ್ಲಿ ಸಿಗುತ್ತದೆ? ಬ್ಯಾಸಿಗೆಗೆ ಹೇಗೆ ಕೂಡಿಡೋಣ?
2. ನಮ್ಮ ಮನೆಯ ಮೊಲಕ್ಕೆ ನಿನ್ನೆ ಏನೇನು ಹಾಕಿದೆವು? ಅದರಲ್ಲಿ ಯಾವುದನ್ನು ನಿಲ್ಲಿಸಬೇಕು?
3. ಹತ್ತಿರದ ಪಶು ಆಸ್ಪತ್ರೆ ಯಾವುದು? 1962 ನಂಬರು ಎಲ್ಲರ ಮನೆಯ ಗೋಡೆಯ ಮೇಲೆ ಬರೆದಿದೆಯೇ?