ಕಾರಿನ ಹೀಟರ್-ಏ.ಸಿ. ಫ್ಯಾನು ನಿಂತಾಗ: ಬೆಳೆಗಾರರು ತಾವೇ ಮಾಡಬಹುದಾದ ಪರೀಕ್ಷೆ

ಮಳೆಗಾಲದಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವ ವಾಹನಕ್ಕೆ ವೈಪರು, ದೀಪಗಳು ಎಷ್ಟು ಅವಶ್ಯಕವೋ ಒಳಗಿನ ಗಾಳಿ ಫ್ಯಾನೂ ಅಷ್ಟೇ ಅವಶ್ಯಕ. ಕಿಟಕಿ ಏರಿಸಿ, ಒದ್ದೆ ಕೊಡೆ, ರೇನ್‌ಕೋಟುಗಳೊಡನೆ ನಾಲ್ಕು ಜನ ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ಮುಂದಿನ ಗಾಜಿಗೆ ಮಂಜು ಹಿಡಿಯುತ್ತದೆ. ವೈಪರು ಹೊರಗಿನ ನೀರನ್ನು ಒರಸೀತೇ ಹೊರತು ಒಳಗಿನ ಮಂಜನ್ನಲ್ಲ. ಅದನ್ನು ಕಳೆಯುವುದು ಗಾಜಿನ ಬುಡದಿಂದ ಬೀಸುವ ಗಾಳಿ. ಏ.ಸಿ. ಹಾಕಿದರೆ ಆ ಗಾಳಿಯ ತೇವ ತೆಗೆಯಲ್ಪಡುತ್ತದೆ. ಹೀಟರ್ ಹಾಕಿದರೆ ಗಾಜು ಬೆಚ್ಚಗಾಗುತ್ತದೆ. ಎರಡಕ್ಕೂ ಗಾಳಿ ಒದಗಿಸುವ ಫ್ಯಾನು ಒಂದೇ. ಆದುದರಿಂದ ಇದು ಬರಿಯ ಸುಖದ ಸಾಧನವೆಂದು ಭಾವಿಸಿ ರಿಪೇರಿಯನ್ನು ಮುಂದೂಡುವುದು ಉಚಿತವಲ್ಲ.

ಫ್ಯಾನು ನಿಂತೊಡನೆ ಪೇಟೆಗೆ ಹೋಗಿ ಹೊಸ ಮೋಟಾರು ಹಾಕಿಸುವವರುಂಟು. ಆದರೆ ದೋಷ ಫ್ಯೂಸಿನಲ್ಲೋ ತಂತಿಯಲ್ಲೋ ಇದ್ದರೆ ಹಣವೂ ಹೋಯಿತು, ದಿನವೂ ಹೋಯಿತು. ತೋಟದ ಪಂಪ್‌ಸೆಟ್ ನಿಂತಾಗ ನಾವು ಮೊದಲೇ ಪಂಪನ್ನು ಬಿಚ್ಚುವುದಿಲ್ಲ. ಕರೆಂಟು ಬಂದಿದೆಯೇ, ಫ್ಯೂಸು ಸರಿಯಿದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ ಎಂದು ಕ್ರಮವಾಗಿ ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ. ಬ್ಯಾಟರಿಯಿಂದ ಹೊರಟ ಕರೆಂಟು ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಹುಡುಕಿದರೆ ದೋಷ ತಾನಾಗಿ ಸಿಕ್ಕುತ್ತದೆ.

ಕರೆಂಟಿನ ದಾರಿ

ಬ್ಯಾಟರಿಯ 12 ವೋಲ್ಟ್ ಕರೆಂಟು ಫ್ಯೂಸಿನ ಮೂಲಕ, ಅನೇಕ ವಾಹನಗಳಲ್ಲಿ ಒಂದು ರಿಲೇಯ ಮೂಲಕವೂ, ಫ್ಯಾನಿನ ಮೋಟಾರಿಗೆ ಬರುತ್ತದೆ. ವೇಗವನ್ನು ಹೆಚ್ಚು ಕಡಿಮೆ ಮಾಡಲು ಸ್ವಿಚ್ಚೂ ರೆಸಿಸ್ಟರೂ ಇರುತ್ತವೆ. ಕೊನೆಗೆ ಕರೆಂಟು ವಾಹನದ ಬಾಡಿಯ ಮೂಲಕ ಬ್ಯಾಟರಿಗೆ ಹಿಂದಿರುಗುತ್ತದೆ. ಇದಕ್ಕೆ ಅರ್ಥ್ ಎನ್ನುತ್ತೇವೆ. ಸ್ವಿಚ್ಚು ಮೋಟಾರಿಗೆ ಮೊದಲೋ ಅನಂತರವೋ ಎಂಬುದು ವಾಹನದಿಂದ ವಾಹನಕ್ಕೆ ಬೇರೆ. ಸಾಮಾನ್ಯವಾಗಿ ಮೋಟಾರು ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ, ಕಾಗದಪತ್ರ ಇಡುವ ಪೆಟ್ಟಿಗೆಯ ಹಿಂದೆ ಅಥವಾ ಕೆಳಗೆ ಇರುತ್ತದೆ.

ಮೊದಲು ಲಕ್ಷಣ ನೋಡಿ

ಕೀ ತಿರುಗಿಸಿ, ಎಂಜಿನ್ ಚಾಲೂ ಮಾಡದೆ, ಸ್ವಿಚ್ಚನ್ನು ಒಂದೊಂದೇ ವೇಗಕ್ಕೆ ಇಡಿ.

1. ಅತಿ ಹೆಚ್ಚಿನ ವೇಗದಲ್ಲಿ ಮಾತ್ರ ಫ್ಯಾನು ಓಡುತ್ತಿದ್ದರೆ ರೆಸಿಸ್ಟರ್ ಸುಟ್ಟಿದೆ ಎಂದು ತಿಳಿಯಬಹುದು. ಕಡಿಮೆ ವೇಗಗಳಲ್ಲಿ ಕರೆಂಟು ಅದರ ಮೂಲಕ ಹರಿಯುತ್ತದೆ. ಪೂರ್ಣ ವೇಗದಲ್ಲಿ ಅದನ್ನು ಬಿಟ್ಟು ನೇರವಾಗಿ ಹರಿಯುತ್ತದೆ. ಮೋಟಾರು, ಫ್ಯೂಸುಗಳನ್ನು ಸಂಶಯಿಸಬೇಕಾಗಿಲ್ಲ.
2. ಪೂರ್ಣ ವೇಗ ಒಂದನ್ನು ಬಿಟ್ಟು ಉಳಿದವು ಸರಿಯಿದ್ದರೆ ಸ್ವಿಚ್ಚಿನ ಆ ಸ್ಥಾನವನ್ನೋ, ಆ ವೇಗದ ತಂತಿ ಅಥವಾ ರಿಲೇಯನ್ನೋ ನೋಡಿ.
3. ಯಾವ ವೇಗದಲ್ಲೂ ಓಡದಿದ್ದರೆ ಮುಂದಿನ ಪರೀಕ್ಷೆಗಳನ್ನು ಅನುಕ್ರಮವಾಗಿ ಮಾಡಿ.
4. ಫ್ಯಾನಿನ ಸದ್ದು ಕೇಳಿಸಿದರೂ ಗಾಳಿ ಬಾರದಿದ್ದರೆ ಗಾಳಿಯ ಫಿಲ್ಟರ್ ಕಟ್ಟಿರುವ ಸಂಭವವೇ ಹೆಚ್ಚು.

ಫ್ಯೂಸು ಮತ್ತು ರಿಲೇ

ವಾಹನದ ಪುಸ್ತಕದಲ್ಲಿ ಫ್ಯಾನಿನ ಫ್ಯೂಸು ಯಾವುದೆಂದು ಕೊಟ್ಟಿರುತ್ತದೆ. 12 ವೋಲ್ಟ್ ಟೆಸ್ಟ್ ಲ್ಯಾಂಪಿನ ಒಂದು ಕೊನೆಯನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ, ಇನ್ನೊಂದನ್ನು ಫ್ಯೂಸಿನ ತಲೆಯ ಎರಡು ಚುಕ್ಕೆಗಳಿಗೂ ತಾಗಿಸಿ. ಎರಡೂ ಕಡೆ ಬೆಳಗಿದರೆ ಫ್ಯೂಸು ಸರಿಯಿದೆ. ಒಂದೇ ಕಡೆ ಬೆಳಗಿದರೆ ಕಡಿದಿದೆ. ಎರಡೂ ಕಡೆ ಬೆಳಗದಿದ್ದರೆ ಫ್ಯೂಸಿನವರೆಗೇ ಕರೆಂಟು ಬಂದಿಲ್ಲ.

ಕಡಿದ ಫ್ಯೂಸಿಗೆ ಬದಲಾಗಿ ಅದೇ ಆಂಪಿಯರಿನದನ್ನೇ ಹಾಕತಕ್ಕದ್ದು. ಸಾಮಾನ್ಯ ಚಪ್ಪಟೆ ಫ್ಯೂಸುಗಳಲ್ಲಿ 15 ಆಂಪಿಯರಿನದು ನೀಲಿ, 20ರದು ಹಳದಿ, 30ರದು ಹಸಿರು. ದೊಡ್ಡ ಫ್ಯೂಸು ಹಾಕುವುದಾಗಲಿ, ತಂತಿ ಸುತ್ತುವುದಾಗಲಿ ಸರ್ವಥಾ ಕೂಡದು. ಹಾಗೆ ಮಾಡಿದರೆ ಫ್ಯೂಸು ಕಡಿಯುವ ಬದಲು ಡ್ಯಾಶ್‌ಬೋರ್ಡಿನ ಹಿಂದಿನ ತಂತಿಯೇ ಕಾದು ಬೆಂಕಿ ಹತ್ತೀತು.

ಹೊಸ ಫ್ಯೂಸೂ ಕೂಡಲೇ ಕಡಿದರೆ, ಕೀ ತೆಗೆದು ಮೋಟಾರಿನ ಪ್ಲಗ್ಗನ್ನು ಬಿಡಿಸಿ ಇನ್ನೊಂದು ಫ್ಯೂಸು ಹಾಕಿ ನೋಡಿ. ಈಗ ನಿಂತರೆ ದೋಷ ಮೋಟಾರಿನಲ್ಲಿದೆ: ಬಿಗಿಯಾಗಿದೆ ಅಥವಾ ಒಳಗೆ ಶಾರ್ಟ್ ಆಗಿದೆ. ಈಗಲೂ ಕಡಿದರೆ ಎಲ್ಲಿಯೋ ತಂತಿ ಬಾಡಿಗೆ ತಾಗುತ್ತಿದೆ. ತೋಟದ ಶೆಡ್ಡುಗಳಲ್ಲಿ ನಿಲ್ಲುವ ವಾಹನಗಳಲ್ಲಿ ಇಲಿ ಕಡಿದ ತಂತಿಯನ್ನು ಮೊದಲು ಹುಡುಕಬೇಕು.

ರಿಲೇಯನ್ನು ಪರೀಕ್ಷಿಸಲು, ಅದೇ ನಂಬರಿನ ಬೇರೊಂದು ರಿಲೇ ಆ ಪೆಟ್ಟಿಗೆಯಲ್ಲಿದ್ದರೆ ಎರಡನ್ನೂ ಅದಲುಬದಲು ಮಾಡಿ. ಫ್ಯಾನು ಓಡಿದರೆ ಹಳೆಯ ರಿಲೇ ಕೆಟ್ಟಿದೆಯೆಂದೇ ಅರ್ಥ.

ಮೋಟಾರಿನ ಬಳಿ

ಮೋಟಾರಿನ ಪ್ಲಗ್ಗನ್ನು ಬಿಡಿಸಿ ನೋಡಿ. ಅದು ಕಂದುಬಣ್ಣಕ್ಕೆ ತಿರುಗಿ ಕರಗಿದ್ದರೆ ಕಾರಣ ಅಲ್ಲಿಯೇ ಸಿಕ್ಕಿತು. ಸರಿಯಿದ್ದರೆ ಸ್ವಿಚ್ಚನ್ನು ಪೂರ್ಣ ವೇಗಕ್ಕಿಟ್ಟು, ಕೀ ತಿರುಗಿಸಿ, ತಂತಿಯ ಕಡೆಯ ಪ್ಲಗ್ಗಿನ ಎರಡು ಮೊನೆಗಳ ನಡುವೆ ದೀಪ ಹಿಡಿಯಿರಿ. ಇಲ್ಲಿ ಸಣ್ಣ ಟೆಸ್ಟ್ ಲ್ಯಾಂಪನ್ನು ಪೂರ್ತಿಯಾಗಿ ನಂಬಬಾರದು. ಕಿಲುಬು ಹಿಡಿದ ಜೋಡಣೆಯೂ ಸಣ್ಣ ದೀಪವನ್ನು ಬೆಳಗಿಸಬಲ್ಲದು, ಮೋಟಾರನ್ನು ತಿರುಗಿಸಲಾರದು. ಒಂದು ತಂತು ಉಳಿದಿರುವ ಹಳೆಯ ಹೆಡ್‌ಲೈಟ್ ಬಲ್ಬಿಗೆ ಎರಡು ತಂತಿ ಜೋಡಿಸಿಟ್ಟುಕೊಂಡರೆ ಉತ್ತಮ. 55 ವ್ಯಾಟಿನ ತಂತು ಸುಮಾರು 4.5 ಆಂಪಿಯರ್ ಎಳೆಯುವುದರಿಂದ ಜೋಡಣೆಯ ನಿಜವಾದ ಶಕ್ತಿ ತಿಳಿಯುತ್ತದೆ. ಬಲ್ಬು ಬಹಳ ಬಿಸಿಯಾಗುವುದರಿಂದ ಕೈಗೂ ಪ್ಲಾಸ್ಟಿಕ್ಕಿಗೂ ತಾಗಿಸಬಾರದು.

ಬಲ್ಬು ಪ್ರಕಾಶವಾಗಿ ಉರಿದರೆ ಕರೆಂಟೂ ಅರ್ಥೂ ಸರಿ, ಕೆಟ್ಟಿರುವುದು ಮೋಟಾರೇ. ಪ್ಲಗ್ಗು ಮತ್ತೆ ಸಿಕ್ಕಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟಾರನ್ನು ಮೆಲ್ಲಗೆ ತಟ್ಟಿದಾಗ ಓಡತೊಡಗಿದರೆ ಅದರ ಕಾರ್ಬನ್ ಬ್ರಶ್ ಸವೆದಿರುವ ಸಂಭವವುಂಟು. ಬಲ್ಬು ಉರಿಯದಿದ್ದರೆ, ಅದರ ಒಂದು ತಂತಿಯನ್ನು ಬಾಡಿಗೆ ಹಿಡಿದು ಇನ್ನೊಂದನ್ನು ಪ್ಲಗ್ಗಿನ ಮೊನೆಗಳಿಗೆ ಒಂದೊಂದಾಗಿ ತಾಗಿಸಿ. ಒಂದರಲ್ಲಿ ಉರಿದರೆ ಕರೆಂಟು ಬರುತ್ತಿದೆ, ಹಿಂದಿರುಗುವ ದಾರಿ ಕಡಿದಿದೆ. ಯಾವುದರಲ್ಲೂ ಉರಿಯದಿದ್ದರೆ ಕರೆಂಟೇ ಬಂದಿಲ್ಲ. ಫ್ಯೂಸಿನಿಂದ ಮೋಟಾರಿನವರೆಗಿನ ತಂತಿ, ರಿಲೇ, ಸ್ವಿಚ್ಚುಗಳನ್ನು ನೋಡಬೇಕು.

ರೋಗಕ್ಕೆ ಮೂಲವೇನು?

ಎಲೆ ಹಳದಿಯಾದ ಕಾಫಿ ಗಿಡದಲ್ಲಿ ಎಲೆಯನ್ನಷ್ಟೇ ನೋಡದೆ ಕಾಂಡಕೊರಕದ ಗುರುತಿಗಾಗಿ ಕಾಂಡವನ್ನೂ ಪರೀಕ್ಷಿಸುತ್ತೇವಲ್ಲವೇ? ಹಾಗೆಯೇ ಸುಟ್ಟ ರೆಸಿಸ್ಟರನ್ನು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ರೆಸಿಸ್ಟರನ್ನು ಗಾಳಿಯ ದಾರಿಯಲ್ಲೇ ಕೂರಿಸಿರುವುದು ಅದು ತಣ್ಣಗಾಗಲೆಂದು. ಫಿಲ್ಟರ್ ಕಟ್ಟಿ ಗಾಳಿ ಕಡಿಮೆಯಾದರೆ ಅದು ಕಾಯುತ್ತದೆ. ಬೇರಿಂಗ್ ಬಿಗಿಯಾಗಿ ಮೋಟಾರು ಹೆಚ್ಚು ಕರೆಂಟು ಎಳೆದರೂ ಅದೇ ಗತಿ. ಕೀ ತೆಗೆದು ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ; ಸರಾಗವಾಗಿ ತಿರುಗದಿದ್ದರೆ ಹೊಸ ರೆಸಿಸ್ಟರೂ ಬೇಗನೆ ಸುಡುತ್ತದೆ.

ನಮ್ಮ ಕಡೆ ಇನ್ನೊಂದು ಕಾರಣವುಂಟು. ಮುಂದಿನ ಗಾಜಿನ ಬುಡದಲ್ಲಿ ಸಿಲ್ವರ್ ಓಕ್ ಮುಂತಾದ ಮರಗಳ ತರಗೆಲೆ ಸೇರಿ ನೀರು ಹೋಗುವ ಕಂಡಿ ಮುಚ್ಚಿಕೊಳ್ಳುತ್ತದೆ. ಆಗ ಮಳೆನೀರು ಗಾಳಿಯ ದಾರಿಗೆ ಇಳಿದು ಮೋಟಾರನ್ನು ತುಕ್ಕು ಹಿಡಿಸುತ್ತದೆ.

ಕೈ ಹಾಕಬಾರದ ಕೆಲಸಗಳು

ಹಳದಿ ಬಣ್ಣದ ತಂತಿ ಮತ್ತು ಪ್ಲಗ್ಗುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಮುಟ್ಟಬೇಡಿ. ಏ.ಸಿ. ಗ್ಯಾಸಿನ ಪೈಪುಗಳಲ್ಲಿ ಒತ್ತಡವಿರುವುದರಿಂದ ಸಡಿಲಿಸಬೇಡಿ. ಬೇಕಾದ ಉಷ್ಣತೆಯ ಅಂಕೆಯನ್ನಿಟ್ಟರೆ ತಾನಾಗಿ ನಡೆಯುವ ಏ.ಸಿ.ಗಳಲ್ಲಿ ಸಾಮಾನ್ಯ ರೆಸಿಸ್ಟರಿನ ಬದಲು ಎಲೆಕ್ಟ್ರಾನಿಕ್ ಘಟಕವಿರುತ್ತದೆ. ಅಲ್ಲಿ ಫ್ಯೂಸು, ಫಿಲ್ಟರುಗಳನ್ನು ನೋಡಿ ಉಳಿದುದನ್ನು ಮೆಕ್ಯಾನಿಕರಿಗೆ ಬಿಡುವುದು ಲೇಸು. ಫ್ಯಾನು ಚೆನ್ನಾಗಿ ಓಡಿಯೂ ಗಾಳಿ ಬಿಸಿಯಾಗದಿದ್ದರೆ ಎಂಜಿನ್ ಆರಿದ ಮೇಲೆ ರೇಡಿಯೇಟರ್ ನೀರಿನ ಮಟ್ಟ ನೋಡಬಹುದು. ಬಿಸಿಯಿರುವಾಗ ಮುಚ್ಚಳ ತೆಗೆಯಬಾರದು.

ಘಾಟಿಯ ನಡುವೆಯೇ ಫ್ಯಾನು ನಿಂತರೆ ಎರಡೂ ಕಡೆಯ ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿ, ಒಣಬಟ್ಟೆಯಿಂದ ಗಾಜು ಒರಸಿಕೊಳ್ಳಿ. ಓಡಿಸುತ್ತ ಒರಸುವುದು ಅಪಾಯ. ತಿರುವಿಲ್ಲದ ಕಡೆ ಬದಿಗೆ ನಿಲ್ಲಿಸಿಯೇ ಒರಸತಕ್ಕದ್ದು.

ಮೇ ತಿಂಗಳಲ್ಲಿ ಅಡಿಕೆಗೆ ಬೋರ್ಡೋ ದ್ರಾವಣದ ಸಿದ್ಧತೆ ಮಾಡುವಾಗಲೇ ವಾಹನದ ಫಿಲ್ಟರ್ ತೆಗೆದು ಕೊಡವಿ, ಗಾಜಿನ ಬುಡದ ತರಗೆಲೆ ಬಾಚಿ, ಎಲ್ಲ ವೇಗಗಳಲ್ಲೂ ಫ್ಯಾನನ್ನು ಓಡಿಸಿ ನೋಡಿರಿ. ಪೇಟೆಗೆ ಹೋಗಲೇಬೇಕಾದರೂ “ಫ್ಯಾನು ಓಡುವುದಿಲ್ಲ” ಎನ್ನುವುದಕ್ಕಿಂತ “ಪ್ಲಗ್ಗಿನವರೆಗೆ ಕರೆಂಟು ಬರುತ್ತಿದೆ, ಮೋಟಾರು ತಿರುಗುವುದಿಲ್ಲ” ಎಂದು ಹೇಳಬಲ್ಲವರ ಕೆಲಸ ಬೇಗ ಆಗುತ್ತದೆ, ಬೇಡದ ಖರ್ಚೂ ತಪ್ಪುತ್ತದೆ.